ಯಾಣದ ಎರಡು ಶಿಖರಗಳ ನಡುವೆ ಹೈಲೈನ್ ಕಟ್ಟಬಹುದಾ?

ಕುಮಟಾ ಪೇಟೆ

ಎಲ್ಲರಿಗೂ ನಮಸ್ಕಾರ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಮರಗಳ ನಡುವೆ ಪಟ್ಟಿ ಕಟ್ಟಿಕೊಂಡು ನಡೆಯುವವರನ್ನು ನೋಡಿ ನಾನೂ ಸ್ಲ್ಯಾಕ್‌ಲೈನ್ ಕಲಿತೆ. ಸೊಂಟದ ಎತ್ತರದಲ್ಲಿ ಈಗ ಆರಾಮಾಗಿ ದಾಟುತ್ತೇನೆ, ನಡುವೆ ತಿರುಗಿ ವಾಪಸ್ಸೂ ಬರುತ್ತೇನೆ. ಎಸ್ಟೋನಿಯಾದ ಯಾನ್ ರೋಸೆ 2024ರ ಜುಲೈನಲ್ಲಿ ಇಟಲಿಯ ಮೆಸ್ಸಿನಾ ಜಲಸಂಧಿಯ ಮೇಲೆ 3,646 ಮೀಟರ್ ನಡೆದ ವಿಡಿಯೋ ನೋಡಿದಾಗಿನಿಂದ ನಿದ್ದೆ ಬರುತ್ತಿಲ್ಲ. ನಮ್ಮಲ್ಲೂ ಎತ್ತರಕ್ಕೇನು ಕಮ್ಮಿ ಇಲ್ಲವಲ್ಲ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಎರಡರ ನಡುವೆ ಒಂದು ಹೈಲೈನ್, ಅಂದರೆ ಎತ್ತರದಲ್ಲಿ ಕಟ್ಟುವ ಸ್ಲ್ಯಾಕ್‌ಲೈನ್, ಎಳೆದರೆ ಹೇಗೆ? ಯಾರ ಹತ್ತಿರ ಕೇಳಬೇಕು, ಏನೇನು ಬೇಕು, ಗೊತ್ತಿದ್ದವರು ಹೇಳಿ.

ದೇವಿಮನೆ ಘಟ್ಟ

ತಮ್ಮಾ, ನಮ್ಮ ಮನೆ ಆ ಕಡೆಯೇ. ಯಾಣ ಬೇಡ.

ಮೊದಲನೇದಾಗಿ ಅದು ದೇವರ ಜಾಗ. ಭೈರವೇಶ್ವರನ ಬಂಡೆಯ ಬುಡದಲ್ಲೇ ಗುಹೆ, ಅಲ್ಲೇ ಲಿಂಗ, ಅದರ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಶಿವರಾತ್ರಿಗೆ ಎಷ್ಟು ಜನ ಬರುತ್ತಾರೆ ನೀನೂ ನೋಡಿರುತ್ತೀಯ. ಆ ಬಂಡೆಯ ನೆತ್ತಿಗೆ ಡ್ರಿಲ್ ಹಾಕಿ ಬೋಲ್ಟ್ ಹೊಡೆಯುತ್ತೇವೆ ಅಂದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ.

ಎರಡನೇದು ಹೆಜ್ಜೇನು. ತಲೆ ಎತ್ತಿ ನೋಡಿದರೆ ಬಂಡೆಯ ಮೈಗೆ ತಟ್ಟಿಗಳು ನೇತಾಡುತ್ತಿರುತ್ತವೆ. ನೆಲದ ಮೇಲೆ ಇದ್ದಾಗ ಹೆಜ್ಜೇನು ಎದ್ದರೆ ಕಂಬಳಿ ಹೊದ್ದುಕೊಂಡಾದರೂ ಓಡಬಹುದು. ಲೈನಿನ ನಡುಮಧ್ಯೆ ಇರುವವನು ಎಲ್ಲಿಗೆ ಓಡುತ್ತಾನೆ? ಕೆಳಗೆ ಹಣ್ಣುಕಾಯಿ ಹಿಡಿದು ನಿಂತ ಮಕ್ಕಳು ಮುದುಕರಿಗೂ ಅದು ಬಿಡುವುದಿಲ್ಲ. ನಿನ್ನ ಆಸೆ ತಪ್ಪು ಅಂತ ಹೇಳುತ್ತಿಲ್ಲ. ಜಾಗ ಬೇರೆ ಹುಡುಕು.

ಗಾಳಿಮರ

ಘಟ್ಟದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾರವಾರದವನು. ಸುಮಾರು ವರ್ಷಗಳಿಂದ ಹೈಲೈನ್ ಕಟ್ಟುವ ತಂಡಗಳ ಜೊತೆ ಹೊರಗೆ ಹೋಗಿ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ವಿಡಿಯೋದಲ್ಲಿ ಕಾಣುವುದು ನಡಿಗೆ ಮಾತ್ರ. ಹೈಲೈನಿನಲ್ಲಿ ನಡಿಗೆ ಕೊನೆಯ ಕೆಲಸ. ಅದಕ್ಕೂ ಮುಂಚೆ ದಿನಗಟ್ಟಲೆ ಬಂಡೆ ನೋಡುವುದು, ಪಟ್ಟಿಯ ತುದಿ ಭದ್ರವಾಗಿ ಹಿಡಿಯುವ ಆಂಕರ್ ಹಾಕುವುದು, ಪಟ್ಟಿ ದಾಟಿಸುವುದು ಇರುತ್ತದೆ. ಒಂದಲ್ಲ, ಎರಡು ಪಟ್ಟಿ. ಮೇಲಿನದು ಮುಖ್ಯ ಪಟ್ಟಿ, ಒಂದು ಇಂಚು ಅಗಲ ಅಥವಾ ಅದಕ್ಕೂ ಕಮ್ಮಿ. ಅದರ ಕೆಳಗೆ ಸಡಿಲವಾಗಿ ಬ್ಯಾಕಪ್ ಪಟ್ಟಿ, ಅಲ್ಲಲ್ಲಿ ಟೇಪ್ ಸುತ್ತಿ ಕೂಡಿಸಿರುತ್ತಾರೆ. ಬ್ಯಾಕಪ್ಪಿಗೆ ಆಂಕರೂ ಬೇರೆಯೇ. ಮೇಲಿನದಕ್ಕೆ ಏನಾದರೂ ಆದರೆ ಕೆಳಗಿನದು ಹಿಡಿಯಬೇಕು, ಅಷ್ಟೇ ಲೆಕ್ಕ. ಪಟ್ಟಿಯನ್ನು ಗಂಟು ಹಾಕಿ ಕಟ್ಟುವುದಿಲ್ಲ, ಯಾಕಂದರೆ ಗಂಟಿನ ಜಾಗದಲ್ಲಿ ಪಟ್ಟಿಯ ಬಲ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಅದಕ್ಕೇ ವೆಬ್‌ಲಾಕ್ ಅಂತ ಬೇರೆ ಸಾಮಾನು ಇದೆ, ಪಟ್ಟಿಯನ್ನು ದುಂಡನೆಯ ಲೋಹಕ್ಕೆ ಸುತ್ತಿಸಿ ಹಿಡಿಯುತ್ತದೆ.

ಕಣಿವೆಯ ಆಚೆ ದಡಕ್ಕೆ ಪಟ್ಟಿ ಹೋಗುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಈಗೆಲ್ಲ ಡ್ರೋನಿನಲ್ಲಿ ಮೊದಲು ಗಾಳದ ದಾರ ಕಳಿಸುತ್ತಾರೆ. ದಾರಕ್ಕೆ ಸಣ್ಣ ಹಗ್ಗ ಕಟ್ಟಿ ಎಳೆಯುತ್ತಾರೆ, ಆ ಹಗ್ಗಕ್ಕೆ ಪಟ್ಟಿ. ಕೆಳಗೆ ಕಾಡಿದ್ದರೆ ದಾರ ಒಂದು ಕೊಂಬೆಗೆ ಸಿಕ್ಕಿಕೊಂಡರೂ ಮತ್ತೆ ಮೊದಲಿನಿಂದ. ನಮ್ಮ ಕಣಿವೆಗಳಲ್ಲಿ ಅದೇ ದೊಡ್ಡ ತಲೆನೋವು ಆಗುತ್ತದೆ.

ಈ ಆಟ ಶುರುವಾಗಿದ್ದೇ ಬಂಡೆ ಹತ್ತುವವರಿಂದ. 1970ರ ದಶಕದ ಕೊನೆಗೆ ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಹತ್ತಲು ಬಂದ ಹುಡುಗರು ಬಿಡುವಿನಲ್ಲಿ ಪಟ್ಟಿ ಕಟ್ಟಿ ನಡೆಯುತ್ತಿದ್ದರು. ಅಲ್ಲಿನ ಲಾಸ್ಟ್ ಆ್ಯರೋ ಸ್ಪೈರ್ ಎಂಬ ಬಂಡೆಗೆ ಕಟ್ಟಿದ ಲೈನನ್ನು 1985ರಲ್ಲಿ ಸ್ಕಾಟ್ ಬಾಲ್ಕಮ್ ದಾಟಿದರು. ಉದ್ದ ಬರೀ 17 ಮೀಟರ್ ಆಸುಪಾಸು, ಕೆಳಗೆ 800 ಮೀಟರಿಗೂ ಜಾಸ್ತಿ ಆಳ. ಅಲ್ಲಿಂದ 2022ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೋಂ ಸಾಂ ಮಿಶೆಲ್‌ನಲ್ಲಿ ನಾತಾನ್ ಪೋಲಾನ್ ನಡೆದ 2,200 ಮೀಟರ್‌ವರೆಗೆ ಬಂದಿದೆ. ಇಷ್ಟು ವರ್ಷಗಳಲ್ಲಿ ಬೆಳೆದದ್ದು ಕಾಲಿನ ಬಲ ಅಲ್ಲ. ಪಟ್ಟಿ, ಆಂಕರ್, ಕಟ್ಟುವ ಶಿಸ್ತು. ನೀನು ಇದನ್ನು ಕಲಿಯಬೇಕಾದರೆ ಆ ಕಡೆಯಿಂದಲೇ ಶುರು ಮಾಡು ಅಂತ ನನ್ನ ಆಸೆ.

ಭೌತಶಾಸ್ತ್ರ ಮೇಷ್ಟ್ರು

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಹುಡುಗರು ಪಟ್ಟಿಯನ್ನು ಬಿಗಿಯಾಗಿ ಎಳೆದಷ್ಟೂ ಭದ್ರ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ.

ಪಟ್ಟಿಯ ಸರಿಯಾಗಿ ನಡುವೆ ಒಬ್ಬರು ನಿಂತಿದ್ದಾರೆ ಅಂತಿಟ್ಟುಕೊಳ್ಳಿ. ಅವರ ತೂಕವನ್ನು ಪಟ್ಟಿಯ ಉದ್ದದಿಂದ ಗುಣಿಸಿ, ಪಟ್ಟಿ ಎಷ್ಟು ಜೋಲು ಬಿದ್ದಿದೆಯೋ ಅದರ ನಾಲ್ಕರಷ್ಟರಿಂದ ಭಾಗಿಸಿ. ಎರಡೂ ತುದಿಯ ಆಂಕರ್ ಮೇಲೆ ಬೀಳುವ ಎಳೆತ ಹೆಚ್ಚುಕಮ್ಮಿ ಅಷ್ಟು. 70 ಕೆಜಿ ಮನುಷ್ಯ, 20 ಮೀಟರ್ ಪಟ್ಟಿ, ಅರ್ಧ ಮೀಟರ್ ಜೋಲು ಅಂದರೆ 700 ಕೆಜಿ ಎಳೆತ. ಅದೇ ಮನುಷ್ಯ 100 ಮೀಟರ್ ಪಟ್ಟಿಯ ಮೇಲೆ 5 ಮೀಟರ್ ಜೋಲಿನಲ್ಲಿ ನಿಂತರೆ 350 ಕೆಜಿ. ಬೀಚಿನಲ್ಲಿ ಬಿಗಿಯಾಗಿ ಕಟ್ಟಿದ ಸಣ್ಣ ಪಟ್ಟಿ ಮರವನ್ನು ಅದರ ಎರಡರಷ್ಟು ಎಳೆಯುತ್ತಿರುತ್ತದೆ!

ಉದ್ದ ಜಾಸ್ತಿಯಾದ ಹಾಗೆ ಇನ್ನೊಂದು ಸೇರುತ್ತದೆ, ಪಟ್ಟಿಯ ಸ್ವಂತ ತೂಕ. ಎರಡೂ ಪಟ್ಟಿ ಸೇರಿ ಮೀಟರಿಗೆ 100 ಗ್ರಾಂ ಹಿಡಿದರೂ ಒಂದು ಕಿಲೋಮೀಟರಿಗೆ 100 ಕೆಜಿ. 50 ಮೀಟರ್ ಜೋಲು ಬಿಟ್ಟರೆ ಮನುಷ್ಯನಿಂದ 350, ಪಟ್ಟಿಯಿಂದ 250, ಒಟ್ಟು 600 ಕೆಜಿ. ಜೋಲು ಕಮ್ಮಿ ಮಾಡಲು ಹೋದರೆ ಇದು ಏರುತ್ತಲೇ ಹೋಗುತ್ತದೆ. ಹಾಗಾಗಿ ಕಿಲೋಮೀಟರ್ ಲೈನಿಗೆ ಜೋಲು ಬಿಡಲೇಬೇಕು. ಮೆಸ್ಸಿನಾದಲ್ಲಿ ಲೈನ್ ಕಟ್ಟಿದ್ದು ಹಳೇ ವಿದ್ಯುತ್ ಗೋಪುರಗಳ ಎತ್ತರದಲ್ಲಿ, ಎರಡೂ ತುದಿ ನೀರಿನಿಂದ 200 ಮೀಟರಿಗೂ ಮೇಲೆ. ನಡುವೆ ಬರುವಾಗ ಅದು 100 ಮೀಟರ್ ಆಸುಪಾಸಿಗೆ ಇಳಿದಿತ್ತು. ಅಂದರೆ ಮೊದಲರ್ಧ ಇಳಿಜಾರು, ಕೊನೆಯರ್ಧ ಏರು. ಸುಸ್ತಾದ ಕಾಲಿಗೆ ಕೊನೆಗೆ ಗುಡ್ಡ ಹತ್ತುವ ಕೆಲಸ.

ಯಾನ್ ರೋಸೆ ಬಿದ್ದದ್ದೂ ಅಲ್ಲೇ, ಮುಟ್ಟಲು 80 ಮೀಟರ್ ಉಳಿದಿದ್ದಾಗ. ಮತ್ತೆ ಎದ್ದು ದಾಟಿ ಮುಗಿಸಿದ, ಆದರೆ ಬೀಳದೆ ದಾಟಿದ ದಾಖಲೆಗೆ ಅದು ಸೇರಲಿಲ್ಲ.

ಬೈತಖೋಲ್ ಬೋಟು

ಮೀನುಗಾರಿಕೆಯವರ ಕಡೆಯಿಂದ ಎರಡು ಮಾತು.

ಗಾಳಿ. ಬೆಳಗಿನ ಜಾವ ನೆಲದ ಕಡೆಯಿಂದ ಸಮುದ್ರಕ್ಕೆ ತಣ್ಣಗೆ ಬೀಸುತ್ತದೆ, ಬಿಸಿಲು ಏರಿದ ಮೇಲೆ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಶುರು, ಸಂಜೆವರೆಗೂ ಬಿಡುವುದಿಲ್ಲ. ಬೇಸಿಗೆ ಬಂದ ಹಾಗೆ ಅದರ ಜೋರೂ ಜಾಸ್ತಿ. ಕರಾವಳಿಯಲ್ಲಿ ಏನೇ ಕಟ್ಟಿದರೂ ದೀಪಾವಳಿಯಿಂದ ಶಿವರಾತ್ರಿಯ ನಡುವೆ ಕಟ್ಟಿ, ಬೆಳಿಗ್ಗೆಯೇ ಮುಗಿಸಿ.

ಎರಡನೇದು ಉಪ್ಪು. ಬೋಟಿನ ಮೇಲೆ ಸ್ಟೇನ್‌ಲೆಸ್ ಅಂತ ಕೊಟ್ಟ ಬೋಲ್ಟ್ ಕೂಡ ಕಾಲಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊರಗೆ ಚೆನ್ನಾಗಿ ಕಾಣುತ್ತದೆ, ಬಂಡೆಯೊಳಗೆ ಏನಾಗಿದೆ ಯಾರು ನೋಡಿದ್ದಾರೆ? ಯಾವನೋ ಹಿಂದೆ ಹೊಡೆದು ಹೋದ ಬೋಲ್ಟಿಗೆ ಜೀವ ನೇತುಹಾಕಬೇಡಿ.

ಗಾಳಿಮರ

ಬೋಟಿನ ಅಣ್ಣಾ, ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಇಡಬೇಕು. ಥಾಯ್ಲೆಂಡಿನ ಕ್ರಾಬಿ ಕಡೆ ಸಮುದ್ರದಂಚಿನ ಸುಣ್ಣಕಲ್ಲಿನ ಬಂಡೆಗಳಲ್ಲಿ ಇದೇ ಆಯಿತು. ಸ್ಟೇನ್‌ಲೆಸ್ ಬೋಲ್ಟುಗಳು ಒಳಗೊಳಗೇ ಬಿರುಕು ಬಿಟ್ಟು ಮನುಷ್ಯನ ತೂಕಕ್ಕೇ ಮುರಿದವು. ಉಪ್ಪು, ಬಿಸಿ ಹವೆ, ಲೋಹದ ಮೇಲಿನ ಎಳೆತ ಮೂರೂ ಸೇರಿದರೆ ಹಾಗಾಗುತ್ತದೆ. ಅಲ್ಲೀಗ ಟೈಟಾನಿಯಂ ಬೋಲ್ಟನ್ನು ಅಂಟು ಹಾಕಿ ಕೂರಿಸುತ್ತಾರೆ. ಯಾಣದ ಬಂಡೆಯೂ ಸುಣ್ಣಕಲ್ಲೇ, ಸಮುದ್ರವೂ ತೀರಾ ದೂರ ಅಲ್ಲ.

ಗೋಕರ್ಣ ಕಡೆಯ ಗುಡ್ಡದಂಚುಗಳ ಕಥೆ ಬೇರೆ. ಮೇಲೆಲ್ಲ ಚಿರೆಕಲ್ಲು. ಮನೆ ಕಟ್ಟಲು ಒಳ್ಳೆಯದು, ಬೋಲ್ಟಿಗೆ ಅಲ್ಲ. ತೂತು ತೂತು ಇರುತ್ತದೆ, ಉಗುರಿನಲ್ಲಿ ಕೆರೆದರೂ ಪುಡಿ ಬರುವ ಜಾಗಗಳಿವೆ. ನಾನು ಒಂದು ಕಡೆ ಸುತ್ತಿಗೆಯಿಂದ ತಟ್ಟಿ ನೋಡಿದ್ದೆ. ಒಂದು ಅಡಿ ಆಚೀಚೆ ಸದ್ದೇ ಬದಲಾಗುತ್ತಿತ್ತು, ಇಲ್ಲಿ ಠಣ್ ಅಂದರೆ ಅಲ್ಲಿ ಡಬ್. ಡಬ್ ಅಂದ ಕಡೆ ಒಳಗೆ ಪೊಳ್ಳು. ಮಳೆಗಾಲ ಕಳೆದ ಮೇಲೆ ಅದೇ ಅಂಚು ಹಾಗೆಯೇ ಇರುತ್ತದೆ ಅನ್ನುವ ಧೈರ್ಯವೂ ಇಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೇಗೆ ಕುಸಿಯಿತು ಅಂತ ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಾಳಿಯ ವಿಷಯಕ್ಕೆ ಇನ್ನೊಂದು. ಚಪ್ಪಟೆ ಪಟ್ಟಿ ಗಾಳಿಗೆ ಪಟಪಟ ಅಂತ ನಡುಗುತ್ತದೆ, ಉದ್ದ ಇದ್ದರೆ ಆ ಸದ್ದಿಗೇ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೆ ಕಟ್ಟುವಾಗಲೇ ಪಟ್ಟಿಗೆ ಅಲ್ಲಲ್ಲಿ ತಿರುವು ಕೊಡುತ್ತಾರೆ. ಆಗ ಉದ್ದಕ್ಕೂ ಒಂದೇ ಮುಖ ಗಾಳಿಗೆ ಸಿಗುವುದಿಲ್ಲ, ನಡುಕ ಕಮ್ಮಿಯಾಗುತ್ತದೆ.

ಶಿರಸಿ ತೋಟ

ನಮ್ಮಲ್ಲಿ ಅಡಕೆ ಕೊನೆ, ಅಂದರೆ ಗೊನೆ, ಕೊಯ್ಯಲು ಬರುವ ಕೊನೆಗೌಡರನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವನು ನಾನು. ಒಂದು ಮರ ಹತ್ತಿದರೆ ಇಳಿಯುವುದೇ ಇಲ್ಲ. ಮೇಲೆಯೇ ಮರವನ್ನು ತೂಗಿ, ಪಕ್ಕದ ಮರದ ತಲೆ ಹಿಡಿದು, ಅದಕ್ಕೆ ದಾಟುತ್ತಾರೆ. ಒಬ್ಬರನ್ನು ನಾನು ಕೇಳಿದ್ದೆ, ಹೆದರಿಕೆ ಆಗುವುದಿಲ್ಲವಾ ಅಂತ. 'ನೆಲ ನೋಡಬಾರದು, ಮುಂದಿನ ಮರದ ಸುಳಿ ನೋಡಬೇಕು. ಗಾಳಿ ಬಂದರೆ ತಬ್ಬಿ ಕೂತುಬಿಡಬೇಕು, ಮರದ ಜೊತೆ ಜಗಳ ಆಡಬಾರದು' ಅಂದರು.

ನನಗೆ ಈ ಹೈಲೈನ್ ವಿಡಿಯೋ ನೋಡಿದಾಗೆಲ್ಲ ಬರುವ ಯೋಚನೆ ಒಂದೇ. ಆಟಕ್ಕೆ ನಡೆಯುವವರಿಗೆ ಸೊಂಟಕ್ಕೆ ಕಟ್ಟುವ ಹಾರ್ನೆಸ್, ಎರಡು ಪಟ್ಟಿ, ಬಿದ್ದರೆ ಹಿಡಿಯುವ ರಿಂಗು ಎಲ್ಲ ಇದೆ. ಹೊಟ್ಟೆಪಾಡಿಗೆ ಮಳೆಯಲ್ಲಿ ಒದ್ದೆ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಎಷ್ಟೋ ಕಡೆ ಏನೂ ಇಲ್ಲ. ಬಿದ್ದು ಸೊಂಟ ಮುರಿದುಕೊಂಡವರು, ಜೀವ ಬಿಟ್ಟವರು ನಮ್ಮ ಸುತ್ತಲಿನ ಊರುಗಳಲ್ಲಿ ಇದ್ದಾರೆ. ಈಗ ಫೈಬರ್ ದೋಟಿ ಬಂದು ನೆಲದಿಂದಲೇ ಕೊಯ್ಯುವುದು, ಔಷಧಿ ಹೊಡೆಯುವುದು ಶುರುವಾಗಿದೆ, ಒಳ್ಳೆಯದೇ. ಆದರೂ ಹತ್ತುವವರು ಇನ್ನೂ ಇದ್ದಾರೆ. ನಿಮಗೆ ಗೊತ್ತಿರುವುದನ್ನು ಅವರಿಗೂ ಕಲಿಸಬಹುದಲ್ವಾ?

ಗಾಳಿಮರ

ಖಂಡಿತ ಕಲಿಸಬಹುದು. ಇದು ನನ್ನ ತಲೆಗೆ ಬರಬೇಕಾಗಿದ್ದ ಮಾತು, ನೀವು ಹೇಳಿದ್ದು ತುಂಬಾ ಒಳ್ಳೆಯದಾಯಿತು.

ಮರ ಬದಲಿಸುವವರಿಗೆ ಒಂದು ಹಗ್ಗ ಸಾಲುವುದಿಲ್ಲ, ಸೊಂಟದಿಂದ ಎರಡು ಬೇಕು. ಒಂದು ಈ ಮರಕ್ಕೆ ಇದ್ದ ಹಾಗೇ ಇನ್ನೊಂದನ್ನು ಆ ಮರಕ್ಕೆ ಸುತ್ತಿ ಹಾಕಬೇಕು, ಆಮೇಲೇ ಮೊದಲಿನದನ್ನು ಬಿಚ್ಚಬೇಕು. ಯಾವ ಗಳಿಗೆಯಲ್ಲೂ ಎರಡೂ ಬಿಚ್ಚಿರಬಾರದು. ಆದರೆ ಅಡಕೆ ಮರ ನಯ, ಹಗ್ಗ ಜಾರುತ್ತದೆ. ಹಾಗಾಗಿ ಬಿಗಿಯಾಗುವ ಸುತ್ತು ಬೇಕು. ಕೆಲಸ ನಿಧಾನವಾಗುತ್ತದೆ ಅಂತ ಅವರು ಹೇಳಬಹುದು, ಕೂಲಿ ಲೆಕ್ಕ ಕೊಯ್ದ ಕೊನೆಗಳ ಎಣಿಕೆ ಮೇಲೆ ಇದ್ದರೆ ಹೇಳಿಯೇ ಹೇಳುತ್ತಾರೆ. ಅದನ್ನು ತೋಟದವರು ಯೋಚಿಸಬೇಕು. ನಿಮ್ಮ ತೋಟಕ್ಕೆ ನಾನು ಸಾಮಾನು ಹಿಡಿದು ಬರುತ್ತೇನೆ. ಅವರ ಕೈಯಲ್ಲೇ ಹಾಕಿಸಿ, ಎಲ್ಲಿ ತೊಡಕಾಗುತ್ತದೆ ಅಂತ ಅವರ ಬಾಯಲ್ಲೇ ಕೇಳೋಣ. ಮರದ ಬಗ್ಗೆ ಅವರಿಗಿಂತ ಜಾಸ್ತಿ ನನಗೇನು ಗೊತ್ತು?

ಗಂಗಾವಳಿ ದಂಡೆ

ನಾನು ಈ ಆಟದವಳಲ್ಲ. ನನ್ನ ಮಗಳು ರಜೆಗೆ ಬಂದಾಗೆಲ್ಲ ಗೋಕರ್ಣಕ್ಕೆ ಹೋಗಿ ಇದನ್ನು ಕಲಿಯುತ್ತಿದ್ದಾಳೆ. ಮುಂದೆ ಎತ್ತರದ ಮೇಲೆ ನಡೆಯಬೇಕು ಅನ್ನುತ್ತಾಳೆ. ಬೇಡ ಅಂದರೆ ಕೇಳುವ ವಯಸ್ಸಲ್ಲ. ಬಿದ್ದರೆ ಏನಾಗುತ್ತದೆ? ಸಮಾಧಾನಕ್ಕೆ ಅಂತ ಹೇಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ಗಾಳಿಮರ

ಅಕ್ಕಾ, ಇದ್ದದ್ದೇ ಹೇಳುತ್ತೇನೆ.

ಬೀಳುತ್ತಾರೆ. ಎಲ್ಲರೂ ಬೀಳುತ್ತಾರೆ. ಸೊಂಟಕ್ಕೆ ಹಾರ್ನೆಸ್ ಇರುತ್ತದೆ, ಅದರಿಂದ ನಾಲ್ಕೈದು ಅಡಿಯ ಹಗ್ಗ, ಅದರ ತುದಿಗೆ ಲೋಹದ ರಿಂಗು. ಮುಖ್ಯ ಪಟ್ಟಿ, ಬ್ಯಾಕಪ್ ಪಟ್ಟಿ ಎರಡೂ ಆ ರಿಂಗಿನ ಒಳಗೇ ಹೋಗಿರುತ್ತವೆ. ನಡೆದ ಹಾಗೆ ರಿಂಗು ಹಿಂದೆ ಹಿಂದೆ ಜಾರಿಕೊಂಡು ಬರುತ್ತದೆ. ಬಿದ್ದರೆ ಪಟ್ಟಿಯ ಕೆಳಗೆ ನೇತಾಡುತ್ತೇವೆ. ಉದ್ದನೆಯ ಪಟ್ಟಿ ತುಂಬಾ ಹಿಗ್ಗುವುದರಿಂದ ಸೊಂಟಕ್ಕೆ ಜರ್ಕ್ ಜೋರಾಗಿ ಬರುವುದಿಲ್ಲ. ಆಮೇಲೆ ಹಗ್ಗ ಹಿಡಿದು ಮೇಲೆ ಬಂದು, ಪಟ್ಟಿಗೆ ಹಿಮ್ಮಡಿ ಸಿಕ್ಕಿಸಿ, ಮೈ ಎತ್ತಿ ಕೂರಬೇಕು. ಕಲಿಯುವವರ ರಟ್ಟೆ ಸೋಲುವುದು ಇದರಲ್ಲೇ. ಕಂಕುಳು, ತೊಡೆ ಎಲ್ಲ ಪಟ್ಟಿ ಉಜ್ಜಿ ಕಪ್ಪಾಗುತ್ತವೆ. ಇಷ್ಟು ಮಾಮೂಲು.

ಜೀವಕ್ಕೆ ಅಪಾಯ ಬೇರೆ ಕಡೆ ಇದೆ. ಹಾರ್ನೆಸ್ಸಿಗೆ ಗಂಟು ಹಾಕದೆ, ಅಥವಾ ಅರ್ಧ ಹಾಕಿ, ಮಾತಾಡುತ್ತಾ ಹೊರಟುಬಿಡುವುದು. ಲೈನ್ ಕಟ್ಟುವಾಗ ಬಂಡೆಯ ಅಂಚಿನಲ್ಲಿ ಹಗ್ಗ ಇಲ್ಲದೆ ಓಡಾಡುವುದು. ಪಟ್ಟಿ ಚೂಪಾದ ಬಂಡೆಗೆ ತಾಗಿ ಸವೆಯುವುದನ್ನು ಯಾರೂ ನೋಡದೇ ಇರುವುದು. ನಡುವೆ ಒಬ್ಬರಿಗೆ ಪ್ರಜ್ಞೆ ತಪ್ಪಿದರೆ ಇನ್ನೂ ಕಷ್ಟ. ಹಾರ್ನೆಸ್ಸಿನಲ್ಲಿ ಅಲ್ಲಾಡದೆ ನೇತಾಡಿದರೆ ಸ್ವಲ್ಪ ಹೊತ್ತಿಗೇ ಮೈಗೆ ಕೇಡು, ಬೇಗ ಹೋಗಿ ಎಳೆದು ತರಬೇಕು. ಅದಕ್ಕೆ ದಡದಲ್ಲಿ ರಾಟೆ, ಹಗ್ಗ ಸಿದ್ಧ ಇಟ್ಟುಕೊಂಡವರು ಇರಲೇಬೇಕು.

ಮಗಳ ಹತ್ತಿರ ಒಂದು ಪ್ರಶ್ನೆ ಕೇಳಿ. ಲೈನಿಗೆ ಇಳಿಯುವ ಮುಂಚೆ ನಿನ್ನ ಗಂಟನ್ನು ಯಾರು ಮುಟ್ಟಿ ನೋಡುತ್ತಾರೆ? ಎಂಟರ ಆಕಾರದ ಗಂಟು, ಇನ್ನೊಬ್ಬರು ಬೆರಳಿನಲ್ಲಿ ಮುಟ್ಟಿ ನೋಡಬೇಕು, ಬಾಯಲ್ಲಿ ಜೋರಾಗಿ ಹೇಳಬೇಕು. ಈ ಪ್ರಶ್ನೆಗೆ ಅವಳು ತಡವರಿಸದೆ ಉತ್ತರ ಕೊಟ್ಟರೆ ಒಳ್ಳೆ ತಂಡದ ಜೊತೆ ಇದ್ದಾಳೆ ಅಂತ. ಉತ್ತರ ಇಲ್ಲದಿದ್ದರೆ ಆ ತಂಡ ಬಿಡಿಸಿ.

ಗಂಗಾವಳಿ ದಂಡೆ

ಈಗಲೇ ಫೋನ್ ಮಾಡಿ ಕೇಳಿದೆ. ಜೊತೆಗಿರುವ ಹುಡುಗಿ ನೋಡುತ್ತಾಳೆ, ಅವಳದ್ದನ್ನು ನಾನು ನೋಡುತ್ತೇನೆ ಅಂದಳು. ಸ್ವಲ್ಪ ಜೀವಕ್ಕೆ ಹಗುರ ಆಯಿತು.

ಕುಮಟಾ ಪೇಟೆ

ಎಲ್ಲರೂ ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಯಾಣದ ಯೋಚನೆ ಬಿಟ್ಟೆ. ಆದರೆ ಕೇಳದೇ ಇರಲು ಆಗುತ್ತಿಲ್ಲ. ಮಾಗೋಡು, ಜೇನುಕಲ್ಲು ಗುಡ್ಡ, ಉಂಚಳ್ಳಿ, ಆ ಕಡೆಯ ಕಣಿವೆಗಳಲ್ಲಾದರೂ ಮುಂದೊಂದು ದಿನ ಆಗಬಹುದಾ ಅಣ್ಣಾ? ಇಲ್ಲಾಂದರೆ ಕಾಳಿ ನದಿಯ ಮೇಲೆ?

ಗಾಳಿಮರ

ಆ ಕಣಿವೆಗಳ ಅಂಚಿಗೆ ನಿಂತಾಗೆಲ್ಲ ನನ್ನ ಕಣ್ಣೂ ಆಚೆ ದಡಕ್ಕೇ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಅರಣ್ಯ ಇಲಾಖೆಯ ಜಾಗ. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿಗೆ ಅಂತಲೇ ಸಂರಕ್ಷಿತ ಪ್ರದೇಶ ಇದೆ, ದಾಂಡೇಲಿ ಕಡೆ ಮಂಗಟ್ಟೆ ಹಕ್ಕಿಗಳಿಗೆ ಇದೆ. ಮಂಗಟ್ಟೆ ಕಣಿವೆ ದಾಟುವಾಗ ಗಾಳಿಯಲ್ಲಿ ಒಂದಿಂಚಿನ ಪಟ್ಟಿ ಅದಕ್ಕೆ ಕಾಣುತ್ತದಾ? ಹೊರದೇಶಗಳಲ್ಲಿ ಎಷ್ಟೋ ಕಡೆ ಹದ್ದು ಗಿಡುಗ ಗೂಡು ಕಟ್ಟುವ ತಿಂಗಳುಗಳಲ್ಲಿ ಆ ಬಂಡೆಗಳಿಗೆ ಹೈಲೈನಿನವರು ಹೋಗುವುದಿಲ್ಲ. ಇಲ್ಲಿ ಮೊದಲು ಹಕ್ಕಿ ಬಲ್ಲವರನ್ನು ಕೇಳಬೇಕು, ಆಮೇಲೆ ಇಲಾಖೆಗೆ ಲಿಖಿತ ಅರ್ಜಿ. ಬೇಡ ಅಂದರೆ ಬೇಡ. ರಾತ್ರೋರಾತ್ರಿ ಹೋಗಿ ಕಟ್ಟಿದರೆ ಮುಂದೆ ಬರುವವರಿಗೂ ಬಾಗಿಲು ಮುಚ್ಚುತ್ತದೆ.

ಡ್ರೋನಿಗೂ 2021ರ ನಿಯಮ ಇದೆ, ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಭಾಗ ಮಾಡಿದ್ದಾರೆ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಸುಮ್ನೆ ಹಾರಿಸುವ ಮಾತೇ ಇಲ್ಲ, ನಕ್ಷೆ ನೋಡಿಕೊಂಡೇ ಮುಂದಿನ ಹೆಜ್ಜೆ.

ಬೈತಖೋಲ್ ಬೋಟು

ಕಾಳಿಯ ಮೇಲೆ ಅಂದರೆ ನಮ್ಮನ್ನೂ ಕೇಳಬೇಕು. ಭರತ, ಅಂದರೆ ಉಬ್ಬರ, ಇದ್ದಾಗ ನೀರು ಎಲ್ಲಿವರೆಗೆ ಬರುತ್ತದೆ, ಬೋಟಿನ ಕಂಬ ಎಷ್ಟೆತ್ತರ, ನಿಮಗೆ ಗೊತ್ತಿರುವುದಿಲ್ಲ. ಕತ್ತಲಲ್ಲಿ ಬಲೆ ಹಾಕಿ ಬರುವವನ ಕುತ್ತಿಗೆಗೆ ನಿಮ್ಮ ಪಟ್ಟಿ ಬರಬಾರದು.

ಗಾಳಿಮರ

ಖಂಡಿತ ಅಣ್ಣಾ. ನಿಮ್ಮವರನ್ನು ಕೇಳದೆ ನೀರಿನ ಮೇಲೆ ಒಂದು ದಾರವನ್ನೂ ಎಳೆಯುವುದಿಲ್ಲ.

ಕುಮಟಾ ತಮ್ಮಾ, ನೀನು ಈಗ ಮಾಡಬೇಕಾದ್ದು ತಗ್ಗಿನಲ್ಲೇ ಉದ್ದ ಪಟ್ಟಿ. 50 ಮೀಟರ್, ಆಮೇಲೆ 100. ಉದ್ದ ಪಟ್ಟಿಯ ಸ್ವಭಾವವೇ ಬೇರೆ. ನೀನು ಒಂದು ಹೆಜ್ಜೆ ಗಡಿಬಿಡಿಯಲ್ಲಿ ಇಟ್ಟರೆ ಆ ಅಲೆ ಪಟ್ಟಿಯುದ್ದಕ್ಕೂ ಹೋಗಿ, ಆಚೆ ಆಂಕರಿಗೆ ಬಡಿದು ವಾಪಸ್ ಬಂದು ನಿನ್ನ ಕಾಲಿಗೇ ತಾಗುತ್ತದೆ. ಅದು ಬರುವ ಹೊತ್ತಿಗೆ ಮೊಣಕಾಲು ಸಡಿಲ ಬಿಟ್ಟು ಕಾಯಬೇಕು. ಹೊಸಬರು ಕಾಯುವುದಿಲ್ಲ, ಅದನ್ನು ನಿಲ್ಲಿಸಲು ಹೋಗುತ್ತಾರೆ, ಕಾಲು ಗಡಗಡ ನಡುಗುತ್ತದೆ, ಬೀಳುತ್ತಾರೆ. ಇದನ್ನು ನೂರು ಮೀಟರ್ ಎತ್ತರದಲ್ಲಿ ಕಲಿಯುವ ಅಗತ್ಯ ಇಲ್ಲ.

ಬೀಚಿನಲ್ಲೂ ತೆಂಗಿನ ಮರಕ್ಕೆ ಕಟ್ಟುವುದು ಬಿಡು. ಕಾಯಿ ಬೀಳುವುದು ಒಂದು. ಇನ್ನೊಂದು, ತೆಂಗಿನ ಕಾಂಡಕ್ಕೆ ಗಾಯವಾದರೆ ಬೇರೆ ಮರಗಳ ಹಾಗೆ ಮುಚ್ಚಿಕೊಳ್ಳುವುದಿಲ್ಲ, ಉಜ್ಜಿದ ಗುರುತು ಮರ ಇರುವವರೆಗೂ ಉಳಿಯುತ್ತದೆ. ಅದು ಯಾರದ್ದೋ ಬದುಕು. ದಪ್ಪ ಗಾಳಿಮರ ಇರುವ ಕಡೆ, ಮಾಲೀಕರನ್ನು ಕೇಳಿ, ಗೋಣಿಚೀಲ ಸುತ್ತಿ ಕಟ್ಟೋಣ. ಮರಳಿನಲ್ಲಿ ಅದರ ಬೇರು ಅಷ್ಟು ಆಳ ಇರುವುದಿಲ್ಲ, ಮೇಷ್ಟ್ರು ಹೇಳಿದ 700 ಕೆಜಿ ನೆನಪಿರಲಿ. ಜೋಲು ಜಾಸ್ತಿ ಬಿಡೋಣ.

ಕುಮಟಾ ಪೇಟೆ

ಲಾರಿಗೆ ಸಾಮಾನು ಬಿಗಿಯುವ ಬೆಲ್ಟ್ ನಡೆಯುತ್ತದಾ ಅಣ್ಣಾ? ನಮ್ಮ ಚಿಕ್ಕಪ್ಪನ ಹತ್ತಿರ ರಾಶಿ ಇದೆ.

ಗಾಳಿಮರ

ಬೇಡ. ಎಷ್ಟು ಬಿಸಿಲು ತಿಂದಿದೆ, ಎಷ್ಟು ಡೀಸೆಲ್ ಕುಡಿದಿದೆ ಯಾರಿಗೆ ಗೊತ್ತು. ಬೆಲ್ಟ್ ಬಿಗಿಯುವ ರಾಚೆಟ್ ಒತ್ತಡದಲ್ಲಿ ಬಿಟ್ಟುಕೊಂಡರೆ ಮುಖಕ್ಕೇ ಬರುತ್ತದೆ. ಪಟ್ಟಿ, ವೆಬ್‌ಲಾಕ್ ನಾನೇ ತರುತ್ತೇನೆ. ನೀನು ಚಿಕ್ಕಪ್ಪನ ಹತ್ತಿರ ಒಳ್ಳೆ ಗೋಣಿಚೀಲ ಕೇಳು, ಎಂಟು ಹತ್ತು ಇದ್ದರೆ ಸಾಕು.

ಗಂಗಾವಳಿ ದಂಡೆ

ನನ್ನ ಮಗಳೂ ಬರಬಹುದಾ? ನಾನೂ ಬಂದು ಕೂತು ನೋಡುತ್ತೇನೆ. ಎಷ್ಟು ಗಂಟೆಗೆ?

ಗಾಳಿಮರ

ಬನ್ನಿ ಅಕ್ಕಾ, ಇಬ್ಬರೂ ಬನ್ನಿ. ಭಾನುವಾರ ಬೆಳಿಗ್ಗೆ ಆರೂವರೆಗೆ ಕಟ್ಟಲು ಶುರು. ಹತ್ತೂವರೆಗೆ ಬಿಚ್ಚುತ್ತೇವೆ, ಅಷ್ಟರಲ್ಲಿ ಎಷ್ಟು ಆಯಿತೋ ಅಷ್ಟು. ಜಾಗ ಯಾವುದು ಅಂತ ಮಾಲೀಕರು ಹೂಂ ಅಂದ ಮೇಲೆ ಇಲ್ಲೇ ಬರೆಯುತ್ತೇನೆ. ಶಿರಸಿಯವರೇ, ನಿಮ್ಮ ಕಡೆ ಕೊನೆ ಕೊಯ್ಲು ಯಾವಾಗ ಅಂತ ಮುಂಚೆಯೇ ತಿಳಿಸಿ, ಹಾರ್ನೆಸ್ ಹೊಂದಿಸಿಕೊಳ್ಳಬೇಕು.